ಕಮಲಾಕ್ಷ ಅಳಿಸಿದ ಕಲೆ

ಕೊಲ್ಲಿ ನಾಡಿನ ಖೈತಾನಿನ ಸ್ಟುಡಿಯೋ ಒಂದರಲ್ಲಿ ಕಮಲಾಕ್ಷ ಇಪ್ಪತ್ತಾರು ವರ್ಷಗಳಿಂದ ಫೋಟೋ ತೆಗೆಯುತ್ತಿದ್ದಾನೆ. ಕರಾವಳಿಯ ಬೆಳ್ಮಣ್ಣಿನಿಂದ ಬಂದ ಹೊಸದರಲ್ಲಿ ಕ್ಯಾಮೆರಾ ಹಿಡಿಯಲು ಕಲಿತವನಿಗೆ ಹೆಸರು ತಂದುಕೊಟ್ಟದ್ದು ಟಚಪ್. ಇಕಾಮಾ ಎಂಬ ವಾಸದ ಪರವಾನಗಿಗೆ, ಪಾಸ್‌ಪೋರ್ಟಿಗೆ, ಮದುವೆ ಸಂಬಂಧಕ್ಕೆಂದು ಬಂದವರ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಶುಐಬಾದ ಕಾರ್ಖಾನೆಗಳ ಬಿಸಿಲಿಗೆ ಸುಟ್ಟ ಮೂಗು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿ ಕೊಡುತ್ತಿದ್ದ. ಕಪ್ಪಗಿದ್ದವರನ್ನು ಕೇಳದೆಯೇ ಬೆಳ್ಳಗೆ ಮಾಡುತ್ತಿದ್ದ. ಯಾರೂ ತಕರಾರು ಎತ್ತಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹನಾನ್ ಬಂದಳು. ಇಥಿಯೋಪಿಯಾದವಳು, ಹತ್ತಿರದ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ರೊಟ್ಟಿ ತರುವ ನೆಪದಲ್ಲಿ ಹೊರಬಿದ್ದು ಬಂದಿದ್ದಳು. ಎಡಗೆನ್ನೆ ಊದಿ, ಕಣ್ಣಿನ ಕೆಳಗೆ ಚರ್ಮ ಬಿರಿದಿತ್ತು. “ಸೂರಾ” ಎಂದು ಕ್ಯಾಮೆರಾ ತೋರಿಸಿದಳು. ಆಮೇಲೆ ಕೆನ್ನೆ ತೋರಿಸಿದಳು.

ಯಾರು ಹೊಡೆದರು ಎಂಬ ಪ್ರಶ್ನೆ ಕಮಲಾಕ್ಷನ ಬಾಯಿಗೆ ಬಂತು. ಕೇಳಿದರೆ ಏನಾದರೂ ಮಾಡಬೇಕಾಗುತ್ತದೆ. ನುಂಗಿಕೊಂಡ. “ಮಾಫಿ ಮುಶ್ಕಿಲ್, ತೊಂದರೆ ಇಲ್ಲ” ಎಂದು ಫೋಟೋ ತೆಗೆದ. ಅವಳು ಹೋದ ಮೇಲೆ ಊತ ಇಳಿಸಿದ, ಬಿರುಕು ಮುಚ್ಚಿದ, ಬಣ್ಣ ತಿಳಿ ಮಾಡಿದ. ಎಂದಿನಂತೆ ಹಳೆಯ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿದ; ಮೊದಲಿನದು ಅಳಿಸಿಹೋಯಿತು.

ಮತ್ತೆ ಹೊರಬರಲು ಅವಳಿಗೆ ಒಂಬತ್ತು ದಿನ ಹಿಡಿಯಿತು. ಫೋಟೋ ನೋಡಿ, “ಹಾದಾ ಮೂ ಅನಾ” ಎಂದಳು. ಇದು ನಾನಲ್ಲ. ಮೊದಲಿನದನ್ನು ಕೊಡು ಎಂದಳು.

“ಅದು ಖಲಾಸ್” ಎಂದ ಕಮಲಾಕ್ಷ.

ಅಷ್ಟರಲ್ಲಿ ಅವಳ ಕೆನ್ನೆಯ ಗಾಯವೂ ಮಾಯ್ದಿತ್ತು. ಫೋಟೋಗಳನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ವಾರದೊಳಗೆ ಸ್ಟುಡಿಯೋದ ಮೇಲಿನ ಮಹಡಿಯ ನರ್ಸ್ ಮೊಲ್ಲಿ ಬಂದಳು. ಹನಾನ್‌ಳನ್ನು ಕಳಿಸಿದ್ದೇ ಅವಳು. ಆ ಮನೆಯಲ್ಲಿ ಅವಳ ಮೈಬಣ್ಣ ಹಿಡಿದು ಬೈಯುತ್ತಿದ್ದರಂತೆ, ಹೊಡೆಯುತ್ತಿದ್ದರಂತೆ. ದೂರಿಗೆ ಫೋಟೋ ಬೇಕಿತ್ತು. ಕಮಲಾಕ್ಷ, “ನಂಗೆ ಗೊತ್ತಾಗಲಿಲ್ಲ ಸಿಸ್ಟರ್” ಎಂದ. ಪುರಾವೆಯಿಲ್ಲದ ದೂರು ನಿಲ್ಲಲಿಲ್ಲ. ತಿಂಗಳು ತುಂಬುವ ಮೊದಲೇ ಮನೆಯವರು ಹನಾನ್‌ಳನ್ನು ಊರಿಗೆ ಅಟ್ಟಿದರು.

ಈ ಚಳಿಗಾಲದಲ್ಲಿ, ಹನ್ನೊಂದನೇ ಕ್ಲಾಸಿನ ಮಗಳು ಶರಣ್ಯಾ ಶಾಲೆಯ ಪ್ರಾಜೆಕ್ಟಿಗೆ ಅಮೆರಿಕದ ಹಳೆಯ ಫೋಟೋಗಳನ್ನು ಜೋಡಿಸುತ್ತಿದ್ದಳು. ಒಂದರಲ್ಲಿ ಕಪ್ಪು ಗಂಡಸೊಬ್ಬ ಬೆನ್ನು ತೋರಿಸಿ ಕೂತಿದ್ದ. ಬೆನ್ನ ತುಂಬ ಚಾಟಿಯೇಟಿನ ಗಾಯದ ಗೆರೆಗಳು, ಬೇರುಗಳ ಹಾಗೆ ಉಬ್ಬಿದ್ದವು.

“ಎಂಥ ಮಗಾ ಇದು?” ಕಮಲಾಕ್ಷ ಕೇಳಿದ.

“ಸ್ಲೇವ್ ಆಗಿದ್ದವರು ಪಪ್ಪಾ, ತಪ್ಪಿಸಿಕೊಂಡು ಬಂದದ್ದು. ಹೀಗೆಲ್ಲ ಹೊಡೀತಾರೆ ಅಂತ ತುಂಬ ಜನ ನಂಬ್ತಿರಲಿಲ್ಲ. ಈ ಫೋಟೋ ಎಲ್ಲ ಕಡೆ ಹೋದ ಮೇಲೆ ಸುಳ್ಳು ಅನ್ಲಿಕ್ಕೆ ಕಷ್ಟ ಆಯ್ತು.” ಇನ್ನೊಂದನ್ನು ತೆರೆದಳು. ಶವಪೆಟ್ಟಿಗೆಯ ಪಕ್ಕದಲ್ಲಿ ಒಬ್ಬ ತಾಯಿ. “ಪೆಟ್ಟಿಗೆಯಲ್ಲಿರುವ ಈ ಕಪ್ಪು ಹುಡುಗನನ್ನು ಬಿಳಿಯರು ಹೊಡೆದು ಕೊಂದದ್ದು. ಜಜ್ಜಿದ ಮುಖ ಮುಚ್ಚಬೇಡಿ, ಎಲ್ಲರೂ ನೋಡಲಿ ಅಂದರಂತೆ ಅವನಮ್ಮ.”

ಕಮಲಾಕ್ಷ ಕುರ್ಚಿ ಎಳೆದು ಕೂತ. “ನಾನು ಒಬ್ಬಳದ್ದು ಅಳಿಸಿದ್ದೇನೆ ಮಗಾ” ಎಂದು ಶುರುಮಾಡಿ, ಹೆಂಡತಿಗೂ ಹೇಳದ ಆ ಕಥೆಯನ್ನೆಲ್ಲ ಹೇಳಿದ.

ಶರಣ್ಯಾ ಕೇಳಿದಳು, “ವೈ ಡಿಡಂಟ್ ಯು ಆಸ್ಕ್ ಹರ್, ಪಪ್ಪಾ?”

“ಹೆದರಿಕೆ ಆಯ್ತು. ನಮ್ಮ ಇಕಾಮಾ, ನಿನ್ನ ಶಾಲೆ... ಗೊತ್ತಾಗಲಿಲ್ಲ ಅಂತ ಮೊಲ್ಲಿ ಸಿಸ್ಟರಿಗೆ ಹೇಳಿದೆ. ಗೊತ್ತಾಗಿತ್ತು.”

ಮಗಳು ಅವನನ್ನು ಸಮಾಧಾನ ಮಾಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು.

ಈಗ ಅವನು ಕೇಳದೆ ಯಾರ ಬಣ್ಣವನ್ನೂ ಬದಲಿಸುವುದಿಲ್ಲ. ಕೇಳುವುದೇ ಅವಮಾನ ಎಂದು ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಮೊಲ್ಲಿಯ ಹತ್ತಿರ ಹನಾನ್‌ಳ ವಿಳಾಸ ಇರಲಿಲ್ಲ, ಇದ್ದದ್ದು ಅವಳ ಊರಿನ ಒಂದು ಹಳೆಯ ನಂಬರ್ ಮಾತ್ರ. ಕ್ಷಮೆ ಕೇಳುವ ಮಾತನ್ನು ಅರಬಿಯಲ್ಲಿ ಬಾಯಿಪಾಠ ಮಾಡಿಕೊಂಡು ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಯಾರೋ ಗಂಡಸು ಎತ್ತಿ, ತಿಳಿಯದ ಭಾಷೆಯಲ್ಲಿ ಏನೋ ಕೇಳಿ, ಇಟ್ಟುಬಿಟ್ಟ.