ಸುಮಾಳ ಮದುವೆ ದಿನದ ಬ್ಯಾಂಕು

ಸೊರಬದ ಕಡೆ ನಮ್ಮ ಬ್ಯಾಂಕಿನ ಸಣ್ಣ ಶಾಖೆಯೊಂದಿದೆ. ಅಲ್ಲಿನ ಕ್ಯಾಷಿಯರ್ ಸುಮಾಳ ಮದುವೆ ತರಾತುರಿಯಲ್ಲಿ ನಿಶ್ಚಯವಾಗಿ, ಸಿಬ್ಬಂದಿಯೆಲ್ಲ ಶಿಕಾರಿಪುರದ ಛತ್ರಕ್ಕೆ ಹೊರಟರು. ಆ ದಿನದ ಮಟ್ಟಿಗೆ ಶಾಖೆ ನೋಡಿಕೊಳ್ಳಲು ನನ್ನನ್ನೂ ಇನ್ನೊಬ್ಬ ಗುಮಾಸ್ತರನ್ನೂ ಶಿಕಾರಿಪುರದಿಂದ ಕಳಿಸಿದರು.

ಬೆಳಿಗ್ಗೆ ನಮ್ಮ ಹೊಸ ಮುಖ ಕಂಡ ಯಾರೋ ಹೊರಗೆ ಹೋಗಿ, "ಬ್ಯಾಂಕಿನೋರೆಲ್ಲ ಓಡಿಹೋಗಿದಾರೆ!" ಅಂದುಬಿಟ್ಟರು. ನೋಡನೋಡುತ್ತಿದ್ದಂತೆ ಜನ ಮೆಟ್ಟಿಲವರೆಗೂ ತುಂಬಿದರು. ಎಲ್ಲರ ಕೈಯಲ್ಲೂ ಪಾಸ್‌ಬುಕ್. ಅಷ್ಟೂ ಜನಕ್ಕೆ ಒಟ್ಟಿಗೇ ಕೊಡುವಷ್ಟು ನಗದು ಸಣ್ಣ ಶಾಖೆಯಲ್ಲಿ ಎಲ್ಲಿರುತ್ತದೆ?

"ಬ್ಯಾಂಕು ಗಟ್ಟಿಯಾಗಿದೆ, ಹೆದರಬೇಡಿ" ಎಂದೆ.

ಮುಂದೆ ನಿಂತಿದ್ದ ಗೌರಮ್ಮ ಎಂಬ ಹಿರಿಯರು, "ಗಟ್ಟಿ ಇದ್ರೆ ನಮ್ ಸುಮಾ ಎಲ್ಲಿ?" ಎಂದು ಗದರಿದರು.

"ಇವತ್ತು ಅವರ ಮದುವೆ ರೀ."

"ಸುಳ್ಳು ಹೇಳ್ಬೇಡ್ರಿ!"

ಬೇರೆ ದಾರಿ ಕಾಣದೆ ಛತ್ರಕ್ಕೆ ವಿಡಿಯೊ ಕಾಲ್ ಮಾಡಿ ಫೋನ್ ಎತ್ತಿ ಹಿಡಿದೆ. ಬಾಸಿಂಗ ಕಟ್ಟಿಕೊಂಡ ಸುಮಾ ಕಾಣಿಸಿದಳು. ಅವಳ ಹಿಂದೆ ಮ್ಯಾನೇಜರ್ ಸಾಹೇಬರು ಪಾಯಸದ ಬಕೆಟ್ ಹಿಡಿದು ಓಡಾಡುತ್ತಿದ್ದರು.

"ಗೌರಮ್ಮಾ, ದುಡ್ಡು ಎಲ್ಲೂ ಹೋಗಲ್ಲ. ಎಲ್ಲರೂ ಊಟಕ್ಕೆ ಬನ್ನಿ!" ಎಂದು ಕೂಗಿದಳು.

ಗೌರಮ್ಮ ಬಿದ್ದುಬಿದ್ದು ನಕ್ಕರು. ಅವರ ಹಿಂದೆ ಇಡೀ ಸಾಲು ನಕ್ಕಿತು. ಕೆಲವರು ಮುಯ್ಯಿಗೆಂದು ಐನೂರು ತೆಗೆದುಕೊಂಡರು, ಉಳಿದವರು ಹಾಗೇ ಬಸ್ಸಿಗೆ ಓಡಿದರು.

ಅಷ್ಟರಲ್ಲಿ ಜನ ಮುತ್ತಿದ ಸುದ್ದಿ ತಲುಪಿ, ಹೆಡ್ ಆಫೀಸಿನಿಂದ ಗಾಬರಿಯ ಫೋನ್ ಬಂತು. "ಅಷ್ಟು ಜನ ಏನಾದರು?"

"ಊಟಕ್ಕೆ ಹೋದರು ಸಾರ್."

ಆ ಊಟ ತಪ್ಪಿದ್ದು ಬ್ಯಾಂಕು ಕಾಯುತ್ತಿದ್ದ ನಮ್ಮಿಬ್ಬರಿಗೆ ಮಾತ್ರ.