ಮುಷ್ಟಿಯೊಳಗಿನ ಹೆಬ್ಬೆರಳು

ಮೊಬೈಲಿನಲ್ಲಿ ಅಕ್ಕನ ಕೊನೆಯ ಫೋಟೊ ಇದೆ. ಲಿಂಗಸುಗೂರಿನ ಹಳೆಯ ಕಚೇರಿ, ಕಲ್ಲಿನ ಕಮಾನು, ಅದರ ಕೆಳಗೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತ ಅಕ್ಕ. ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಫೋಟೊ ತೆಗೆದ ದಿನವಾದರೋ ಎಲ್ಲ ದಿನಗಳ ಹಾಗೆಯೇ ಇತ್ತು.

ನೌಕರಿಯಲ್ಲಿದ್ದಾಗ ಆ ಕಚೇರಿಯ ಮುಂದೆ ಎಷ್ಟೋ ಸಲ ತಲೆ ತಗ್ಗಿಸಿ ನಿಂತಿದ್ದೇನೆ. ಒಮ್ಮೆ ಪ್ರವಾಸಿಯ ಹಾಗೆ ತಲೆಯೆತ್ತಿ ನೋಡಬೇಕೆಂಬ ಆಸೆ ಇತ್ತು. ಒಬ್ಬನೇ ಹೋಗಲು ಬೇಸರವಾಗಿ, ಜವಳಗೇರಾದಿಂದ ಅಕ್ಕನನ್ನು ಕರೆಸಿಕೊಂಡೆ. ಸಿಂಧನೂರಿನಲ್ಲಿ ನಗುತ್ತಾ ಬಸ್ಸು ಹತ್ತಿದವಳು ಮಸ್ಕಿ ದಾಟುವ ಹೊತ್ತಿಗೆ ಗಪ್ಪಾಗಿದ್ದಳು.

"ಯಾವ ಕಚೇರಿ ಅಂದಿ?"

"ಹಳೇದು, ನಿಜಾಮನ ಕಾಲದ್ದು. ಬರೇ ನೋಡಾಕ."

"ಕಚೇರಿನ ಬರೇ ನೋಡಾಕ ಯಾರು ಹೋಗ್ತಾರಲೇ?"

ಆಗ ಹೊಳೆಯಿತು. ನಮ್ಮ ಕಡೆ ತಮ್ಮನಾದವನು ಅಕ್ಕನನ್ನು ಕಚೇರಿಗೆ ಕರೆದೊಯ್ಯುವುದು, ತವರಿನ ಹೊಲದಲ್ಲಿ ಪಾಲು ಬೇಡವೆಂದು ಹೆಬ್ಬೆಟ್ಟು ಒತ್ತಿಸುವುದಕ್ಕೆ. ಅದಕ್ಕೂ ಮೊದಲು ದಾರಿಯಲ್ಲಿ ತಿನ್ನಲು ಏನಾದರೂ ಕೊಡಿಸುತ್ತಾರೆ. ನಾನೋ, ಮಸ್ಕಿಯಲ್ಲಿ ಮಿರ್ಚಿ ಕೊಡಿಸಿಬಿಟ್ಟಿದ್ದೆ!

"ಅಕ್ಕಾ, ನಮ್ಮ ಹೊಲ ಸಾಲಗುಂದದಾಗ ಐತಿ, ಸಿಂಧನೂರು ತಾಲೂಕು. ಲಿಂಗಸುಗೂರಾಗ ಏನು ಒತ್ತಿಸ್ಲಿ?"

"ಈಗ ಕಂಪ್ಯೂಟರ್ ಬಂದೈತಿ. ಎಲ್ಲಿ ಒತ್ತಿದ್ರೂ ಎಲ್ಲಾ ಕಡೆ ಮೂಡ್ತೈತಂತ. ರೇಷನ್ ಅಂಗಡ್ಯಾಗ ನೋಡಿಲ್ಲೇನು?"

ಕಚೇರಿಯ ಬಾಗಿಲಲ್ಲಿದ್ದ ಕಾವಲುಗಾರನೂ ಅವಳ ಪಕ್ಷವೇ ಹಿಡಿದ.

"ಏನು ಕೆಲಸ ರೀ?"

"ಏನಿಲ್ಲ, ನೋಡಾಕ ಬಂದೀವಿ."

"ಇಲ್ಲಿ ಏನೈತಂತ ನೋಡ್ತೀರಿ?"

"ಕೇಳಿದೇನು?" ಎಂದಳು ಅಕ್ಕ.

ಆದರೂ ಸುತ್ತಲೂ ನೋಡಿದಳು. ಎಡಗೈಯಿಂದ ಕಂಬ ಮುಟ್ಟಿ, "ಕಲ್ಲು ತಂಪೈತಿ" ಎಂದಳು. ಬಲಗೈ ಸೆರಗಿನಿಂದ ಹೊರಬರಲೇ ಇಲ್ಲ. ಹೆಬ್ಬೆರಳು ಮುಷ್ಟಿಯೊಳಗೆ ಭದ್ರವಾಗಿತ್ತು.

"ಕೈ ತೆಗಿ ಅಕ್ಕಾ, ಫೋಟೊ ಚಲೋ ಬರ್ತೈತಿ."

"ನೀ ಫೋಟೊ ತೆಗಿ. ಕೈ ಇದ್ದಲ್ಲೇ ಇರ್ಲಿ."

ಸಿಂಧನೂರಿನಲ್ಲಿ ಇಳಿದಾಗ ಎಡಗೈಯಿಂದಲೇ ನನ್ನ ತಲೆ ಸವರಿ, ತನ್ನ ಬಸ್ಸು ಹತ್ತಿದಳು. ಆ ಹೊತ್ತಿಗೆ ಅವಳ ಅನುಮಾನ ಹೋಗಿತ್ತೋ ಇಲ್ಲವೋ, ನೀವೇ ಹೇಳಿ. ಮುಂದಿನ ಸಲ ಕೇಳಿದರಾಯಿತು ಎಂದುಕೊಂಡೆ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಅವ್ವ ನೋಡಿದ ಕಚೇರಿ ನನಗೂ ತೋರಿಸ್ರಿ. ಹೋಗೂಣೇನು?"

"ಬರೇ ನೋಡಾಕ, ಹೌದಲ್ಲೋ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನೋಡಿದರೆ ನನ್ನ ಹೆಬ್ಬೆರಳೂ ಮುಷ್ಟಿಯೊಳಗಿತ್ತು.

ಹೋಗುತ್ತೇನೆ. ಸಾಲಗುಂದದ ಹೊಲದಲ್ಲಿ ಅಕ್ಕನ ಪಾಲು ಹಾಗೆಯೇ ಇದೆ. "ನಿನ್ನ ಮ್ಯಾಲ ನಂಬಿಕಿ ಐತಿ" ಎಂಬ ಮಾತು ಮಾತ್ರ ಅವಳಿಂದ ನನಗೆ ಸಿಗಲೇ ಇಲ್ಲ.