ಆಟೋದ ಬಾಡಿಗೆಗೆ ರೊಟ್ಟಿಯ ಮುಯ್ಯಿ

ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದಾಗ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರಬೇಕು. ಇವತ್ತು ಬೆಳಿಗ್ಗೆ ಭಾಗ್ಯನಗರದ ನಮ್ಮ ಕೂದಲಿನ ಶೆಡ್ಡಿಗೆ ಪಕ್ಕದ ಮನೆಯಿಂದ ಆ ವಾಸನೆ ಬಂತು. ಕೈಯಲ್ಲಿದ್ದ ಗಂಟು ಕೈಯಲ್ಲೇ ಉಳಿಯಿತು, ಮನಸ್ಸು ಕೆಲವು ವರ್ಷ ಹಿಂದಕ್ಕೆ ಹೋಗಿ ಕೂತುಬಿಟ್ಟಿತು.

ಕೂದಲಿನ ಶೆಡ್ಡು ಎಂದರೆ ಗಾಬರಿಯಾಗಬೇಡಿ. ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲು ಊರೂರಿಂದ ಇಲ್ಲಿಗೆ ಬರುತ್ತದೆ. ಗಂಟು ಬಿಡಿಸಿ, ಉದ್ದ ಗಿಡ್ಡ ನೋಡಿ ಬೇರೆ ಮಾಡುವುದು ನಮ್ಮ ಕೆಲಸ. ಮುಂದೆ ಅದು ಎಲ್ಲೋ ದೂರದ ಬೋಳುತಲೆಗಳಿಗೆ ಟೋಪನ್ ಆಗಿ ಹೋಗುತ್ತದಂತೆ. ಕುಳಿತು ಮಾಡುವ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿದ ನನಗೆ ಹೇಳಿ ಮಾಡಿಸಿದಂಥದು. ಆದರೆ ಮಧ್ಯಾಹ್ನದ ಹೊತ್ತಿಗೆ ಸೊಂಟ ಮುನಿಸಿಕೊಳ್ಳುತ್ತದೆ. ಹಾಗಾಗಿ ಅರ್ಧ ದಿನದ ಕೆಲಸ, ಅರ್ಧ ದಿನದ ಪಗಾರ.

ಆ ಪಗಾರ ನನ್ನ ಮತ್ತು ಅವ್ವನ ಊಟಕ್ಕೆ ಸರಿಹೋಗುತ್ತಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ಅಂಗವಿಕಲರ ಪಿಂಚಣಿ ಶೆಡ್ಡಿಗೆ ಹೋಗಿಬರುವ ಆಟೋದ ಬಾಡಿಗೆಗೆ ಹೋಗುತ್ತಿತ್ತು. ಕೊಪ್ಪಳದ ನಮ್ಮ ಓಣಿಯ ಯಮನೂರಪ್ಪನವರ ಆಟೋ ಅದು. ನಾನು ಅವರಿಗೆ ಅಣ್ಣಾ ಎನ್ನುತ್ತೇನೆ, ಅವರು ನನಗೆ ತಂಗಿ ಎನ್ನುತ್ತಾರೆ.

ಒಂದು ತಿಂಗಳು ಪಿಂಚಣಿ ಬರಲಿಲ್ಲ. ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಮೆತ್ತಗೆ ಹೇಳಿದರು:

“ನೀವು ದುಡಿಯಾಕತ್ತೀರಲ್ರಿ ಅಕ್ಕಾರ, ಆದಾಯ ಮಿತಿ ದಾಟೈತಿ. ಪಿಂಚಣಿ ಬಂದ್ ಆಗೈತ್ರಿ.”

ತಮಾಷೆ ನೋಡಿ. ಪಿಂಚಣಿ ಇದ್ದದ್ದರಿಂದ ಕೆಲಸಕ್ಕೆ ಹೋಗಲಾಯಿತು, ಕೆಲಸಕ್ಕೆ ಹೋದದ್ದರಿಂದ ಪಿಂಚಣಿ ನಿಂತಿತು. ಇನ್ನು ಆಟೋ ಇಲ್ಲದೆ ಕೆಲಸವೂ ಹೋಗುವುದೊಂದು ಬಾಕಿ.

“ಕೆಲ್ಸಾ ಬಿಟ್ಟು ಮನ್ಯಾಗ ಕುಂದ್ರವಾ,” ಎಂದಳು ಅವ್ವ. “ಅರ್ಜಿ ಹಾಕಿದ್ರ ಪಿಂಚಣಿ ಮತ್ತ ಬರತೈತಿ.”

ಅವಳ ಮಾತು ತಪ್ಪೇನಲ್ಲ. ಆದರೆ ಪಿಂಚಣಿಯೊಂದರಿಂದ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಅಲ್ಲದೆ ನಾನು ಬಹಳ ಕಾಲ ಮನೆಯಲ್ಲೇ ಕೂತವಳು, ಗೋಡೆಯ ಬಿರುಕುಗಳೆಲ್ಲ ನನಗೆ ಬಾಯಿಪಾಠ. ಶೆಡ್ಡಿನ ಹರಟೆ, ನಗು, ಬೈಗುಳ ಬಿಟ್ಟು ಮತ್ತೆ ಆ ಗೋಡೆಯ ಮುಂದೆ ಕೂರಲು ಜೀವ ಒಪ್ಪಲಿಲ್ಲ. ಮನೆಯಲ್ಲೇ ಬಿಗಿ ಹಿಡಿದೆವು. ಅವ್ವ ಸಂಜೆಯ ಚಹಾ ಬಿಟ್ಟಳು, ಟಿವಿಗೆ ರೀಚಾರ್ಜ್ ಮಾಡಿಸುವುದನ್ನು ನಾನು ಬಿಟ್ಟೆ. ಪಕ್ಕದ ಮನೆಯ ಧಾರಾವಾಹಿಯನ್ನು ಗೋಡೆಯ ಈಚೆಯಿಂದ ಕೇಳಿಯೇ ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಷ್ಟಾದರೂ ಆಟೋದ ಬಾಡಿಗೆ ಹುಟ್ಟಲಿಲ್ಲ. “ನಾಳಿಂದ ಬರಬ್ಯಾಡಣ್ಣಾ. ಡಾಕ್ಟ್ರು ವಾಕಿಂಗ್ ಮಾಡಂತ ಹೇಳ್ಯಾರ,” ಎಂದೆ. ಯಮನೂರಪ್ಪ ನನ್ನ ಕಾಲು ನೋಡಿದರು, ಮುಖ ನೋಡಿದರು, ಆಟೋ ತಿರುಗಿಸಿಕೊಂಡು ಹೋದರು.

ಮರುದಿನ ಕೋಲು ಹಿಡಿದು ಹೊರಟೆ. ಓಣಿಯ ತುದಿಯ ಚಹಾದಂಗಡಿ ಮುಟ್ಟುವಷ್ಟರಲ್ಲಿ ನನ್ನ ವಾಕಿಂಗು ಮುಗಿದಿತ್ತು. ಅಲ್ಲೇ ಆಟೋ ನಿಂತಿತ್ತು. ಒಳಗೆ ಯಮನೂರಪ್ಪನ ಹೆಂಡತಿ ಹುಲಿಗೆಮ್ಮ ವೈನಿ ಕೂತಿದ್ದರು, ಬಲಗೈಗೆ ಪ್ಲಾಸ್ಟರ್.

“ಹತ್ತವಾ,” ಎಂದರು. “ನಾ ಬಿದ್ದು ಕೈ ಮುರ್ಕೊಂಡೀನಿ. ನಿಮ್ಮಣ್ಣಗ ಖಾನಾವಳಿ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ನೀ ರೊಟ್ಟಿ ಛಲೋ ಬಡಿತಿ. ಮುಯ್ಯಿ ಮಾಡೋಣು.”

ಮುಯ್ಯಿ ಎಂದರೆ ನಿಮಗೆ ಹೇಳಬೇಕೆ? ಇಂದು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಹೊಲದ ಕಳೆಗೂ ಒಲೆಯ ಮುಂದಿನ ರೊಟ್ಟಿಗೂ ನಮ್ಮ ಕಡೆ ಇದೇ ಪದ್ಧತಿ. ಅದು ಆಟೋಕ್ಕೂ ನಡೆಯುತ್ತದೆಂದು ಅಂದು ಗೊತ್ತಾಯಿತು.

ಭಾನುವಾರ ಭಾನುವಾರ ಅವರ ಮನೆಯಲ್ಲಿ ವಾರಕ್ಕಾಗುವಷ್ಟು ಗರಿಗರಿ ಕಟಿ ರೊಟ್ಟಿ ಬಡಿಯತೊಡಗಿದೆ. ರೊಟ್ಟಿ ಬಡಿಯಲು ಕಾಲಿನ ಹಂಗಿಲ್ಲ ನೋಡಿ. ಎಡಗಾಲನ್ನು ಪಕ್ಕಕ್ಕೆ ಚಾಚಿ ಕೂತರೆ ಅಂಗೈ ತನ್ನಷ್ಟಕ್ಕೆ ತಾನು ತಾಳ ಹಿಡಿಯುತ್ತದೆ. ವೈನಿ ಎಡಗೈಯಲ್ಲಿ ರೊಟ್ಟಿ ಬೇಯಿಸುತ್ತ, ಅಂಚು ದಪ್ಪಾತು, ನಡು ತೆಳ್ಳಗಾತು ಎಂದು ಬೈಯುತ್ತಿದ್ದರು. ನಾನು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ.

ದೀಪಾವಳಿಗೆ ಮಾಲೀಕರು ಸ್ವಲ್ಪ ಹೆಚ್ಚಿಗೆ ಕೊಟ್ಟರು. ದಿನಾಲು ಆಟೋ, ವಾರಕ್ಕೊಮ್ಮೆ ರೊಟ್ಟಿ. ತೂಕ ಸರಿಯಿಲ್ಲವೆಂದು ನನ್ನ ಬುದ್ಧಿವಂತ ತಲೆಗೆ ತೋಚಿತು. ಒಂದು ನೋಟನ್ನು ವೈನಿಯ ಕೈಗೆ ತುರುಕಿದೆ. ಅವರ ಮುಖ ಕೆಂಪಾಯಿತು. ನೋಟನ್ನು ರೊಟ್ಟಿಯ ಬುಟ್ಟಿಗೆ ಹಾಕಿ, ಬುಟ್ಟಿಯನ್ನೇ ನನ್ನ ಕಡೆ ತಳ್ಳಿದರು.

“ಹಂಗಾದ್ರ ಇವನ್ನೂ ತಗೊಂಡು ನಡಿ. ಮುಯ್ಯಿಗೆ ರೊಕ್ಕಾ ಕೊಡ್ತಾರೇನ? ನಾವೇನ್ ನಿನಗ ಬಾಡಿಗಿ ಕೇಳೀವೇನು?”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಕನಿಕರಪಟ್ಟು ಕೊಟ್ಟವರು ಹೀಗೆ ಜಗಳಕ್ಕೆ ಬರುವುದಿಲ್ಲ. ಆ ಮನೆಯಲ್ಲಿ ನಾನು ಸಮಸಮ ಕೂತಿದ್ದೆ, ಅದು ನನಗೇ ತಿಳಿದಿರಲಿಲ್ಲ. ನೋಟು ವಾಪಸ್ಸು ತೆಗೆದುಕೊಂಡು ಹಿಟ್ಟಿಗೆ ಕೈ ಹಾಕಿದೆ.

ವೈನಿಯ ಕೈ ಎಂದೋ ಕೂಡಿತು. ಮುಯ್ಯಿ ಸಾಕು ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈಗ ಅವರಿಗೆ ಬಲಗೈಯಿಂದಲೂ ಬೈಯಲು ಬರುತ್ತದೆ.

ಇವತ್ತು ಬೆಳಿಗ್ಗೆ ನನ್ನನ್ನು ಬಿಟ್ಟ ಮೇಲೆ ಯಮನೂರಪ್ಪನ ಆಟೋ ಗ್ಯಾರೇಜು ಸೇರಿತ್ತು. ಮಧ್ಯಾಹ್ನ ನನ್ನನ್ನು ಮನೆಗೆ ಬಿಡಲು ಬೇರೊಬ್ಬರನ್ನು ಕಳಿಸಿದ್ದರು, ಗುರುತಿಲ್ಲದವರು. ಮನೆಯ ಮುಂದೆ ಇಳಿದು ಪರ್ಸು ತೆರೆದೆ.

“ರೊಕ್ಕಾ ಬ್ಯಾಡ್ರಿ ಅಕ್ಕಾರ,” ಎಂದು ಅವರು ತಲೆ ಕೆರೆದುಕೊಂಡರು. “ಹುಲಿಗೆಮ್ಮಕ್ಕನ ಮನ್ಯಾಗ ನೀವು ಬಡಿದ ರೊಟ್ಟಿ ತಿಂದೀವ್ರಿ ನಾವು. ಐತವಾರ ನಮ್ಮನಿಗೆ ಮುಯ್ಯಿಗೆ ಬರ್ತಾರೇನು ಕೇಳ್ಕೊಂಡು ಬಾ ಅಂತ ನಮ್ಮಾಕಿ ಹೇಳ್ಯಾಳ.”

“ಐತವಾರ ಆಗಂಗಿಲ್ರಿ, ವೈನಿಗೆ ಮೊದಲ ಮಾತು ಕೊಟ್ಟೀನಿ,” ಎಂದೆ. “ಬ್ಯಾರೆ ದಿನಾ ನೋಡಬೇಕು.”

ಅವರು ಆಟೋ ಬಂದ್ ಮಾಡಿ, ಆತು, ಯಾವ ದಿನ ಅಂತ ನೋಡ್ರಿ, ಎಂದು ನಿಂತರು. ನಾನು ಸಾವಕಾಶವಾಗಿ ಯೋಚಿಸತೊಡಗಿದೆ. ಸರಕಾರಿ ಬೆಂಚುಗಳ ಮೇಲೆ ಕಾದು ಕಾದು ಕೂದಲು ಬೆಳ್ಳಗಾದವಳು ನಾನು. ನಾನು ಒಂದು ಹೂಂ ಅನ್ನುವುದಕ್ಕಾಗಿ ಇನ್ನೊಬ್ಬರು ಕಾಯುತ್ತಿದ್ದುದು ಇದೇ ಮೊದಲು.